ಬಂಡೂರಾಯರು ಮೆಚ್ಚಿದ ಐದು ಹುಸಿಮೀನು

ಆರಾಧನೆಯ ದಿನ ಕಲಬುರಗಿಯ ಜೇವರ್ಗಿ ಕಾಲೋನಿಯ ಮಠದಲ್ಲಿ ಆಚಾರ್ಯರ ಮಡಿಪಂಚೆಗೆ ಕಪ್ಪೆ ಕಚ್ಚಿಕೊಂಡದ್ದನ್ನು ಮೊದಲು ನೋಡಿದವಳು ಶುಭದಾ. ನೋಡಿಯೂ ನೋಡದವಳ ಹಾಗೆ ಕಂಬದ ಕಡೆ ಮುಖ ತಿರುಗಿಸಿದವಳೂ ಅವಳೇ. ಯಾಕೆಂದರೆ ಆ ಕಪ್ಪೆ ಯಾರದು ಎನ್ನುವುದು ಅಲ್ಲಿ ಸೇರಿದ್ದ ಇನ್ನೂರು ಜನರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಹಸಿರು ಬೆನ್ನು, ಹಳದಿ ಹೊಟ್ಟೆ, ಹಿಂದೆ ಜೋತಾಡುವ ರಬ್ಬರಿನ ಎರಡು ಕಾಲು, ಹೊಟ್ಟೆಯ ಕೆಳಗೆ ಜೋಡಿ ಗಾಳ. ಆಚಾರ್ಯರು ತೀರ್ಥ ಕೊಡುತ್ತ ಸಾಲಿನುದ್ದಕ್ಕೂ ನಡೆದರೆ, ಅವರ ಹಿಂದೆ ಕಪ್ಪೆಯೂ ಕುಣಿಯುತ್ತ ನಡೆಯಿತು. ಹನ್ನೆರಡು ಹೆಜ್ಜೆ ಹೀಗೆ ಹೋದ ಮೇಲೆ ಸಣ್ಣ ಹುಡುಗಿಯೊಂದು "ಕಪ್ಪಿ! ಕಪ್ಪಿ!" ಎಂದು ಕಿರುಚಿತು. ಆಚಾರ್ಯರು ತಿರುಗಿದರು, ಕಪ್ಪೆಯೂ ತಿರುಗಿತು. ಆಮೇಲೆ ಅವರು ಹಾರಿದ ರೀತಿ ನೋಡಿದವರಿಗೆ, ಇಬ್ಬರಲ್ಲಿ ಅಸಲಿ ಕಪ್ಪೆ ಯಾವುದು ಎಂದು ಕ್ಷಣಕಾಲ ಸಂಶಯ ಬಂದದ್ದು ನಿಜ.

ನಡೆದದ್ದು ಇಷ್ಟೇ. ಶುಭದಾಳ ಗಂಡ ಬಂಡೂರಾವ್ ಮಳಖೇಡಕರ್ ಮನೆಯಿಂದ ಹೊರಡುವ ಹೊತ್ತಿಗೇ ಕೊರಿಯರಿನವನು ಬಂದು ಪೊಟ್ಟಣ ಕೊಟ್ಟಿದ್ದ. ಬಾಗಿಲಲ್ಲಿ ತಾಯಿ ಇಂದೂಬಾಯಿ ನಿಂತಿದ್ದರು. ಪಂಚೆಗೆ ಜೇಬು ಇಲ್ಲ. ಹಾಗಾಗಿ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮೇಲೆ ಶಲ್ಯ ಹೊದ್ದುಕೊಂಡು ರಾಯರು ಮಠಕ್ಕೆ ಬಂದರು. ಸಾಷ್ಟಾಂಗ ಹಾಕಿದಾಗ ಪೊಟ್ಟಣ ಹರಿಯಿತು. ಎದ್ದಾಗ ಕಪ್ಪೆ ರಾಯರನ್ನು ಬಿಟ್ಟು ಗುರುಗಳನ್ನು ಹಿಡಿದಿತ್ತು.

ಯಾರದು ಎಂದು ಕೇಳಿದಾಗ ಬಂಡೂರಾಯರು ಉಳಿದವರ ಜೊತೆ ತಾವೂ ಸುತ್ತ ನೋಡಿದರು. ಆದರೆ ಹರಿದ ಪೊಟ್ಟಣ ನೆಲದ ಮೇಲೆ ಬಿದ್ದಿತ್ತು. ಅದರ ಮೇಲೆ ಹೆಸರು, ವಿಳಾಸ, ಫೋನ್ ನಂಬರು ಎಲ್ಲ ದಪ್ಪಕ್ಷರದಲ್ಲಿ ಇತ್ತು. ಆಚಾರ್ಯರು ಮತ್ತೆ ಸ್ನಾನ ಮಾಡಿ, ಮತ್ತೆ ಮಡಿಯುಟ್ಟು ಬರುವ ತನಕ ಇನ್ನೂರು ಹೊಟ್ಟೆಗಳು ಬಾಳೆಯೆಲೆಯ ಮುಂದೆ ಮುಕ್ಕಾಲು ಗಂಟೆ ಕಾದವು. ಅಷ್ಟು ಹೊತ್ತೂ ಹಸಿದವರೆಲ್ಲ ಬಂಡೂರಾಯರನ್ನೇ ನೋಡುತ್ತಿದ್ದರು, ಭಕ್ತಿಯಿಂದ ಅಲ್ಲ.

ಬಂಡೂರಾಯರಿಗೆ ಐವತ್ತೆರಡು ವರ್ಷ. ಭೂಮಾಪನ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ಪರರ ಹೊಲದ ಹದ್ದು ಅಳೆಯುವ ನೌಕರಿ. ತಮ್ಮದೆಂದು ಒಂದು ಹದ್ದು ಎಂದೂ ಹಾಕಿಕೊಂಡವರಲ್ಲ. ಕಡತದ ಮೇಲೆ ಅವರು ಬರೆಯುವ ಕೊನೆಯ ಸಾಲು ಯಾವಾಗಲೂ ಒಂದೇ: "ಆದೇಶಕ್ಕಾಗಿ ಸಲ್ಲಿಸಿದೆ." ಮನೆಯಲ್ಲೂ ಅದೇ ಪದ್ಧತಿ. ನೌಕರಿಯನ್ನು ತಂದೆ ಆರಿಸಿದರು, ಹೆಂಡತಿಯನ್ನು ತಾಯಿ ಆರಿಸಿದರು, ಮನೆಗೆ ಹೊಡೆಸುವ ಬಣ್ಣವನ್ನು ಬಣ್ಣ ಹೊಡೆಯುವ ಮಜರ್ ಆರಿಸಿದ. ಅದಕ್ಕೇ ಮನೆ ಪಿಸ್ತಾ ಬಣ್ಣ ಇದೆ. ಜಗತ್ ಸರ್ಕಲಿನಿಂದ ಫೋನು ಮಾಡಿ "ಶುಭಾ, ಬದನೀಕಾಯಿ ಉದ್ದಂದು ತರ್ಲ್ಯೋ ಗುಂಡಂದು ತರ್ಲ್ಯೋ?" ಎಂದು ಕೇಳುತ್ತಾರೆ. ಉದ್ದದ್ದು ಎಂದರೆ "ಎಷ್ಟು ಉದ್ದ?" ಎಂದು ಇನ್ನೊಂದು ಫೋನು. ಜನ ಮಾತಿಗೆ ಮೀನಮೇಷ ಎಣಿಸುವುದು ಅನ್ನುತ್ತಾರಲ್ಲ, ಬಂಡೂರಾಯರು ಅದನ್ನು ಮೇಷದಿಂದಲೇ ಶುರು ಮಾಡಿ ಹನ್ನೆರಡೂ ರಾಶಿ ಎಣಿಸುವವರು.

ಇಂಥವರು ಮೂರು ವರ್ಷದ ಹಿಂದೆ, ಹರ್ನಿಯಾ ಆಪರೇಶನ್ ಆಗಿ ಮಲಗಿದ್ದಾಗ, ಫೋನಿನಲ್ಲಿ ಒಂದು ವಿಡಿಯೋ ನೋಡಿದರು. ಅಮೆರಿಕದ ಯಾವುದೋ ಸರೋವರ. ಟೋಪಿ ಹಾಕಿದ ದಪ್ಪ ಮನುಷ್ಯ. ಬಾಸ್ ಎಂಬ ಮೀನು ಹಿಡಿಯಲು ತನಗೆ ಮೆಚ್ಚಿಗೆಯಾದ ಲೂರುಗಳು ಯಾವುವು ಎಂದು ಅವನು ಅರ್ಧ ಗಂಟೆ ಮಾತಾಡಿದ. ಲೂರ್ ಎಂದರೆ ಗಾಳಕ್ಕೆ ಎರೆಹುಳದ ಬದಲು ಕಟ್ಟುವ ಹುಸಿಮೀನು, ಹುಸಿಕಪ್ಪೆ, ಹುಸಿಹುಳ. ನೀರಿನಲ್ಲಿ ಅದನ್ನು ಕುಣಿಸಿ, ಮೀನಿಗೆ ಊಟದ ಆಸೆ ತೋರಿಸಿ, ಬಡಿಸದೆಯೇ ಬಾಯಿ ಕಟ್ಟುವುದು. ಟೋಪಿಯವನು ಪೆಟ್ಟಿಗೆ ತೆಗೆದು, ಇದು ಬೇಡ, ಇದು ಬೇಡ, ಇದು ಬೇಕು ಎಂದು ಯಾರನ್ನೂ ಕೇಳದೆ ತಾನೇ ಆರಿಸಿದ. ಆ ದೃಶ್ಯ ಬಂಡೂರಾಯರ ಮೇಲೆ ಮಾಡಿದ ಪರಿಣಾಮವನ್ನು ಆಪರೇಶನ್ ಕೂಡ ಮಾಡಿರಲಿಲ್ಲ.

ಕಲಬುರಗಿಯ ನೀರಿನಲ್ಲಿ ಬಾಸ್ ಇಲ್ಲ. ಇಲ್ಲಿರುವ ಬಾಸುಗಳೆಲ್ಲ ಕಚೇರಿಯಲ್ಲಿದ್ದಾರೆ, ಅವರನ್ನು ಹಿಡಿಯುವ ವಿಧಾನವೇ ಬೇರೆ. ಆದರೆ ಕಮಲಾಪುರದ ಕಡೆ ಹೊಂಡಗಳಲ್ಲಿ ಮರಲ್ ಇದೆ. ಹಾವಿನ ತಲೆ, ಕರಿ ಮೈ, ಕಪ್ಪೆ ಕಂಡರೆ ಬಿಡದ ಮೀನು. ಬಂಡೂರಾಯರು ಹಿಂದೊಮ್ಮೆ ಹದ್ದುಬಸ್ತು ಮಾಡಿಕೊಟ್ಟ ಧರ್ಮಣ್ಣ ಎಂಬ ಬಾಳೆ ಬೆಳೆಗಾರನ ಹೊಲದಲ್ಲಿ ಅಂಥದೊಂದು ದೊಡ್ಡ ಹೊಂಡವಿತ್ತು. ಅಲ್ಲಿಂದ ಶುರುವಾಯಿತು ಭಾನುವಾರದ ತೀರ್ಥಯಾತ್ರೆ. ತಾಯಿಗೆ ಹೇಳಿದ ಕಾರಣ: ದೇವರ ನೈವೇದ್ಯಕ್ಕೆ ಕಮಲಾಪುರದ ಕೆಂಬಾಳೆ. ಮೂರು ವರ್ಷದಲ್ಲಿ ಮನೆಯವರು ತಿಂದ ಕೆಂಬಾಳೆಗೆ ದೇವರಿಗೇ ಬೇಸರ ಬಂದಿರಬೇಕು.

ಲೂರುಗಳ ಸಂಖ್ಯೆ ನೂರಾ ಹದಿನಾಲ್ಕಕ್ಕೆ ಏರಿತು. ಅವನ್ನು ಇಡುವ ಜಾಗದ ಪ್ರಶ್ನೆಯನ್ನು ಬಂಡೂರಾಯರು ಆಶ್ಚರ್ಯಕರವಾಗಿ ತಾವೇ ಬಗೆಹರಿಸಿದರು. ಫ್ರಿಜ್ಜಿನ ಬಾಗಿಲಲ್ಲಿ ತತ್ತಿ ಇಡುವ ತಟ್ಟೆ ಇರುತ್ತದಲ್ಲ, ವೈಷ್ಣವರ ಮನೆಯಲ್ಲಿ ಅದು ಕೊಂಡ ದಿನದಿಂದ ಖಾಲಿಯೇ; ಮಡಿಯ ಇಂದೂಬಾಯಿ ಫ್ರಿಜ್ಜು ಮುಟ್ಟುವವರೂ ಅಲ್ಲ. ಹನ್ನೆರಡು ಗುಳಿ, ಹನ್ನೆರಡು ಕಪ್ಪೆ, ಅಳತೆ ಕೊಟ್ಟು ಮಾಡಿಸಿದ ಹಾಗೆ. ಉಳಿದವು ಶುಭದಾಳ ಹಳೆಯ ಮಸಾಲೆ ಡಬ್ಬಿಗಳಲ್ಲಿ, ಸಾಸಿವೆಯ ಮನೆಯಲ್ಲಿ ಒಂದಿಷ್ಟು, ಜೀರಿಗೆಯ ಮನೆಯಲ್ಲಿ ಒಂದಿಷ್ಟು. ಶುಭದಾ ಹತ್ತನೇ ಇಯತ್ತೆಯ ಮಕ್ಕಳಿಗೆ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುವವಳು. ನೂರಾ ಹದಿನಾಲ್ಕು ಲೂರು, ಮೂರು ವರ್ಷ, ಸಿಕ್ಕ ಮೀನು ಸೊನ್ನೆ ಎಂಬ ಲೆಕ್ಕ ಅವಳಿಗೆ ಬಾಯಿಪಾಠವಾಗಿತ್ತು. ಸೊನ್ನೆಯನ್ನು ನೂರಾ ಹದಿನಾಲ್ಕರಿಂದ ಗುಣಿಸಿದರೂ ಭಾಗಿಸಿದರೂ ಉತ್ತರ ಬದಲಾಗುವುದಿಲ್ಲ.

ಆದರೆ "ಬಾಸ್ ಬಾಂಧವರು" ಎಂಬ ವಾಟ್ಸಾಪ್ ಗುಂಪಿನಲ್ಲಿ ಬಂಡೂರಾಯರು ಗುರುಸ್ಥಾನದಲ್ಲಿದ್ದರು. ಸೊಲ್ಲಾಪುರ, ಪುಣೆ, ಹುಬ್ಬಳ್ಳಿಗಳಿಂದ ಸೇರಿದ ಆರುನೂರು ಗಂಡಸರು. ಒಬ್ಬನೂ ಜನ್ಮದಲ್ಲಿ ಬಾಸ್ ಮೀನಿನ ಮುಖ ಕಂಡವನಲ್ಲ. ಪ್ರತಿ ಶನಿವಾರ ಬಂಡೂರಾಯರು "ಈ ವಾರ ನಾನು ಮೆಚ್ಚಿದ ಲೂರ್" ಎಂದು ಬರೆಯುತ್ತಿದ್ದರು. ಮೋಡವಿದ್ದರೆ ಕಪ್ಪು, ಬಿಸಿಲಿದ್ದರೆ ಬೆಳ್ಳಿ, ರಾಡಿ ನೀರಿಗೆ ಹಳದಿ. ಕಪ್ಪೆಯ ಕಾಲು ಎಷ್ಟು ಉದ್ದವಿದ್ದರೆ ಎಷ್ಟು ಸದ್ದು. ಜನ ಅದನ್ನು ಓದಿ ಗಾಳ ಹಾಕುತ್ತಿದ್ದರು. ಮೀನು ಸಿಕ್ಕರೆ ಪುಣ್ಯ ಬಂಡೂರಾಯರಿಗೆ, ಸಿಗದಿದ್ದರೆ ದೋಷ ಗಾಳಿಗೆ. "ಬಂಡು ಕಾಕಾ, ನೀವು ಎಷ್ಟು ಹಿಡದೀರಿ?" ಎಂದು ಯಾರೂ ಕೇಳಿರಲಿಲ್ಲ. ಅಡುಗೆ ಪುಸ್ತಕ ಬರೆದವರಿಗೆ ಊಟ ಆಯಿತೇ ಎಂದು ಯಾರು ಕೇಳುತ್ತಾರೆ?

ಒಂದು ನಿಯಮವನ್ನು ಮಾತ್ರ ಅವರು ಬಿಟ್ಟಿರಲಿಲ್ಲ. ಕೆಲವು ರಬ್ಬರ್ ಲೂರುಗಳಿಗೆ ಕಂಪನಿಯವರೇ ಬೆಳ್ಳುಳ್ಳಿಯ ವಾಸನೆ ಹಾಕಿರುತ್ತಾರೆ, ಮೀನಿಗೆ ಅದೆಂದರೆ ಪ್ರಾಣವಂತೆ. ಬಂಡೂರಾಯರು ಅವನ್ನು ಮುಟ್ಟುತ್ತಿರಲಿಲ್ಲ. ಈರುಳ್ಳಿ ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆ. ಏಕಾದಶಿಯ ದಿನ ಗಾಳ ಹಾಕುವುದಿಲ್ಲ, ಎರೆಹುಳ ಚುಚ್ಚುವುದು ಹಿಂಸೆ, ಬೆಳ್ಳುಳ್ಳಿ ಲೂರು ನಿಷಿದ್ಧ. ಮೀನಿಗೂ ಒಂದು ಸಂಸ್ಕಾರ ಇರಬೇಕು ಎನ್ನುವುದು ಅವರ ಅಭಿಪ್ರಾಯ. ಕಮಲಾಪುರದ ಮರಲ್‌ಗಳು ಆ ಸಂಸ್ಕಾರವನ್ನು ಮೂರು ವರ್ಷ ದೂರದಿಂದಲೇ ಗೌರವಿಸಿದ್ದವು.

ಆರಾಧನೆಯ ಸಂಜೆ ಇಂದೂಬಾಯಿ ತುಳಸಿಕಟ್ಟೆಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು. ಎಂಬತ್ತು ದಾಟಿದ ಮೈ, ಕಣ್ಣು ಮಾತ್ರ ಇನ್ನೂ ಇಪ್ಪತ್ತರದು.

"ಬಂಡ್ಯಾ, ಬಾ ಇಲ್ಲಿ. ಖರೇ ಹೇಳು. ನೀ ಮೀನಾ ಹಿಡೀತಿಯೋ?"

"ಇಲ್ಲ ಆಯಿ."

"ಮತ್ತ ಆ ಕಪ್ಪಿ?"

"ಅದು ಮೀನ ಹಿಡಿಯೂ ಕಪ್ಪಿ."

"ಅಂದ್ರ ಹಿಡೀತಿ."

"ಕಪ್ಪಿ ಅದ ಆಯಿ. ಮೀನ ಹಿಡಿದಿಲ್ಲ."

"ಎಷ್ಟ್ ದಿವ್ಸ ಆತು ಈ ಆಟ?"

"ಮೂರು ವರ್ಷ."

"ಮೂರು ವರ್ಷದಾಗ ಒಂದೂ?"

"ಒಂದೂ ಇಲ್ಲ."

"ತುಳಸೀ ಮುಟ್ಟಿ ಹೇಳು."

ಬಂಡೂರಾಯರು ಮುಟ್ಟಿ ಹೇಳಿದರು. ಇಷ್ಟು ನಿರಾತಂಕವಾಗಿ ಯಾವ ಮಗನೂ ತಾಯಿಯ ಮುಂದೆ ಆಣೆ ಮಾಡಿರಲಿಕ್ಕಿಲ್ಲ. ಇಂದೂಬಾಯಿ ಮಗನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾದ್ರ ಪಾಪದ ಮಾತು ಎಲ್ಲಿ ಬಂತು? ಹೋಗು, ಆಡ್ಕೋ," ಎಂದರು.

ಆ "ಆಡ್ಕೋ" ರಾಯರಿಗೆ ಎಲ್ಲಿ ಚುಚ್ಚಿತು ಎನ್ನುವುದನ್ನು ಶುಭದಾ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನವೇ ಸೊಲ್ಲಾಪುರದಿಂದ ಕೌಸ್ತುಭನ ಫೋನು ಬಂತು. ಬಾಸ್ ಬಾಂಧವರಲ್ಲಿ ಚುರುಕಾದ ಹುಡುಗ, ಮನೆಯ ಹಿಂದಿನ ಶೆಡ್ಡಿನಲ್ಲಿ ಲೂರು ತಯಾರಿಸಿ ಮಾರುತ್ತಿದ್ದ. ಫೋನು ಸ್ಪೀಕರಿನ ಮೇಲಿತ್ತು. ಬಂಡೂರಾಯರಿಗೆ ಅದನ್ನು ಆರಿಸುವುದೋ ಬಿಡುವುದೋ ತೋಚಿರಲಿಲ್ಲ.

"ಕಾಕಾ, ಒಂದ್ ಹೊಸಾ ಡಬ್ಬಿ ತರಾಕತ್ತೀನಿ. ಐದು ಲೂರಿಂದು. ಮ್ಯಾಲ ಹೆಸರು ಏನ್ ಗೊತ್ತೇನ್ರಿ? 'ಬಂಡು ಕಾಕಾ ಮೆಚ್ಚಿದ ಐದು.' ನಿಮ್ಮ ಫೋಟೋ ಸುದ್ದಾ ಹಾಕ್ತೀನಿ."

ಬಂಡೂರಾಯರು ಉಗುಳು ನುಂಗಿದ ಸದ್ದು ಸೊಲ್ಲಾಪುರಕ್ಕೆ ಕೇಳಿರಬೇಕು.

"ಆದ್ರ ಒಂದ್ ವಿಡಿಯೋ ಬೇಕು ಕಾಕಾ. ನೀವು ಆರಿಸಿದ ಲೂರಿಗೆ ನಿಮ್ಮ ಕೈಲೆ ಒಂದ್ ಮೀನ ಬಿದ್ದದ್ದು. ಇಲ್ಲಂದ್ರ ಜನ ನಂಬೂದಿಲ್ಲ. ಬರೂ ಐತವಾರ ನಾನೇ ಕ್ಯಾಮೆರಾ ತಗೊಂಡು ಕಮಲಾಪುರಕ್ಕ ಬರ್ತೀನಿ. ನಿಮಗೇನ್ರಿ, ಅಲ್ಲಿ ದಿನಾ ಬೀಳ್ತಾವ."

"ಹೌದ... ಹೌದೌದು," ಎಂದರು ಬಂಡೂರಾಯರು. ಫೋನಿಟ್ಟು ಹೆಂಡತಿಯ ಕಡೆ ತಿರುಗಿ, "ಶುಭಾ, ನೀ ಏನ್ ಹೇಳ್ತಿ?" ಎಂದರು.

ಶುಭದಾ ಎದ್ದು ಟ್ಯೂಷನ್ನಿನ ಕೋಣೆಗೆ ಹೋದಳು. ಟ್ಯೂಷನ್ನಿನ ಮಕ್ಕಳಿಗೆ ಒಂದು ಲೆಕ್ಕ ಕೊಟ್ಟು, ಅವರು ಅದರಲ್ಲಿ ಮುಳುಗಿರುವಾಗ ಅವಳು ಯೋಚಿಸಿದಳು. ಇಪ್ಪತ್ತನಾಲ್ಕು ವರ್ಷದಿಂದ ಈ ಮನುಷ್ಯನ ಪರವಾಗಿ ಅಂಗಿ ಆರಿಸಿದ್ದೇನೆ, ಕನ್ನಡಕದ ಚೌಕಟ್ಟು ಆರಿಸಿದ್ದೇನೆ, ಹೋಟೆಲಿನಲ್ಲಿ ದೋಸೆಯೋ ಇಡ್ಲಿಯೋ ಎಂದು ಆರಿಸಿದ್ದೇನೆ. ಜಗತ್ತಿನಲ್ಲಿ ಇವರು ತಾವಾಗಿ ಆರಿಸಿದ್ದೆಂದರೆ ಈ ರಬ್ಬರ್ ಪ್ರಾಣಿಗಳು ಮಾತ್ರ. ಅವುಗಳ ಮೇಲಾದರೂ ಇವರ ಹೆಸರು ಬೀಳಲಿ. ಅದಕ್ಕೆ ಒಂದು ಮೀನು ಬೇಕೆಂದರೆ ಒಂದು ಮೀನು ಬೇಕು. ಏಕಾದಶಿ ತಪ್ಪದೆ ಮಾಡುವ ಹೆಂಗಸು ಮೀನಿಗಾಗಿ ದೇವರಿಗೆ ಕೈ ಮುಗಿಯುವುದು ಸರಿಯೇ ಎಂಬ ಪ್ರಶ್ನೆಯೂ ಬಂತು. ವಿಷ್ಣುವಿನ ಮೊದಲ ಅವತಾರವೇ ಅದಲ್ಲವೇ, ಮನೆಯ ವಿಷಯ ಮನೆಯಲ್ಲೇ ಬಗೆಹರಿಯಲಿ ಎಂದುಕೊಂಡಳು.

ಶನಿವಾರ ಬೆಳಿಗ್ಗೆ ಊಟದ ಮೇಜಿನ ಮೇಲೆ ಹಳೆಯ ಪಂಚೆ ಹಾಸಿ ನೂರಾ ಹದಿನಾಲ್ಕನ್ನೂ ಹರಡಿದರು. ಆಣೆಯಾದ ಮೇಲೆ ಇಂದೂಬಾಯಿಗೂ ಸಂಕೋಚ ಉಳಿದಿರಲಿಲ್ಲ. ಕುರ್ಚಿ ಎಳೆದುಕೊಂಡು ಬಂದು ಕನ್ಯೆ ನೋಡಲು ಹೋದವರ ಹಾಗೆ ಕೂತರು.

"ಇದು ಬ್ಯಾಡ. ಮೆಳ್ಳಗಣ್ಣದ."

"ಆಯಿ, ಅದು ದೊಡ್ಡ ಕಣ್ಣಿನ ಮೀನ. ದೂರಿಂದ ಕಾಣಲಿ ಅಂತ."

"ಯಾರಿಗೆ ಕಾಣಬೇಕು? ಈ ಬೆಳ್ಳಿದು ಲಕ್ಷಣ ಅದ ನೋಡು. ಅನುರಾಧಾನ ಮದುವ್ಯಾಗ ಕೊಟ್ಟ ಕುಂಕುಮದ ಭರಣಿ ಇದ್ದಂಗ ಅದ."

ಅನುರಾಧಾ ಎಂದರೆ ರಾಯರ ತಂಗಿ. ಬೆಳ್ಳಿಯದು ಮೊದಲನೆಯದಾಗಿ ಆಯ್ಕೆಯಾಯಿತು, ಭರಣಿಯ ಶಿಫಾರಸಿನಿಂದ ಅಲ್ಲ. ಆಗ ಬಂಡೂರಾಯರು ಮಾತಾಡಿದ್ದನ್ನು ಕೇಳಿ ಶುಭದಾ ಒಗ್ಗರಣೆ ಬಿಟ್ಟು ಬಂದು ನಿಂತಳು. "ಇದು ಎಳದಾಗ ಬಾಲ ನಡಗ್ತದ ಶುಭಾ, ಗಾಯಾದ ಮರಿಮೀನ ಈಸಿದಂಗ. ನಿಂತ ನೀರಿನಾಗ ಇದಕ್ಕಿಂತ ಚೊಲೋದು ಇಲ್ಲ." ಧ್ವನಿಯಲ್ಲಿ "ನೀ ಏನ್ ಹೇಳ್ತಿ" ಇರಲಿಲ್ಲ. ಎರಡನೆಯದು ಹಳದಿ ಹೊಟ್ಟೆಯ ಕಪ್ಪೆ, ಆಚಾರ್ಯರನ್ನು ಹಿಡಿದದ್ದೇ, ಯೋಗ್ಯತೆ ಸಾಬೀತಾಗಿತ್ತು. ಮೂರನೆಯದು ತಲೆಯಲ್ಲಿ ಗುಂಡು ಇಟ್ಟು ಗಿಲಿಗಿಲಿ ಅನ್ನುವುದು. ನಾಲ್ಕನೆಯದು ನೀರಿನ ಮೇಲೆ ಗುಳುಗುಳು ಮಾಡುತ್ತ ಓಡುವ ಕಪ್ಪು ಇಲಿ. ಒಂದೊಂದನ್ನೂ ಕೈಯಲ್ಲಿ ಹಿಡಿದು ಬೆಳಕಿಗೆ ತಿರುಗಿಸುವಾಗ ಅವರ ಮುಖದಲ್ಲಿ ಇದ್ದ ನಿಶ್ಚಯ, ಮದುವೆಯ ದಿನ ತಾಳಿ ಕಟ್ಟುವಾಗಲೂ ಇರಲಿಲ್ಲ. ಆಗ ಅವರು ಪುರೋಹಿತರ ಕಡೆ ನೋಡಿ "ಕಟ್ಲ್ಯಾ?" ಎಂದು ಕೇಳಿದ್ದು ಅವಳಿಗೆ ಇನ್ನೂ ನೆನಪಿದೆ.

ಐದನೆಯದಕ್ಕೆ ಬಂದು ನಿಂತರು. ಹನ್ನೊಂದು ಗಂಟೆಯಾಯಿತು, ಒಂದು ಗಂಟೆಯಾಯಿತು. ಅದನ್ನು ತೆಗೆದು ಇದನ್ನು ಇಟ್ಟರು, ಇದನ್ನು ತೆಗೆದು ಅದನ್ನು ಇಟ್ಟರು. ಕೊನೆಗೆ ಒಂದು ನೀಲಿಯನ್ನು ಇಟ್ಟು, "ಇರ್ಲಿ, ನಾಳೆ ನೋಡೋಣು," ಎಂದರು. ಐದನೆಯದು ಆದೇಶಕ್ಕಾಗಿ ಸಲ್ಲಿಕೆಯಾಯಿತು.

ಶುಭದಾಳ ತಲೆಯಲ್ಲಿ ಬೇರೊಂದು ಇತ್ತು. ಹೋದ ತಿಂಗಳು ಕೌಸ್ತುಭ ಪುಕ್ಕಟೆಯಾಗಿ ಕಳಿಸಿದ್ದ ಹೊಸ ಮಾಲು: ಕಂದು ಬಣ್ಣದ, ಮುಖ ಮೂತಿ ಇಲ್ಲದ, ಯಾರೋ ತುಳಿದ ಹಾಗಿರುವ ರಬ್ಬರ್ ಕಪ್ಪೆ. ಬೆಳ್ಳುಳ್ಳಿ ವಾಸನೆ ಎಷ್ಟಿತ್ತೆಂದರೆ ಬಂಡೂರಾಯರು ಅದನ್ನು ಮನೆಯೊಳಗೆ ತಾರದೆ ಸ್ಕೂಟರಿನ ಡಿಕ್ಕಿಯಲ್ಲೇ ಬಿಟ್ಟಿದ್ದರು. ಅದು ಅಲ್ಲೇ ಇದೆಯೇ ಎಂದು ಶುಭದಾ ಸಂಜೆ ಒಮ್ಮೆ ಡಿಕ್ಕಿ ತೆಗೆದು ನೋಡಿದಳು. ನೋಡುವ ಅಗತ್ಯವಿರಲಿಲ್ಲ, ಮೂಗೇ ಸಾಕಿತ್ತು.

ಭಾನುವಾರ ಹುಮನಾಬಾದ್ ರಸ್ತೆಯಲ್ಲಿ ಸ್ಕೂಟರ್ ಹೋಗುವಾಗ ಹಿಂದೆ ಕೂತ ಶುಭದಾ ಗಾಳದ ಕೋಲನ್ನು ಧ್ವಜದ ಹಾಗೆ ಹಿಡಿದಿದ್ದಳು. ಕಮಲಾಪುರದ ಹೊಂಡದ ದಂಡೆಯಲ್ಲಿ ಕೌಸ್ತುಭ ಆಗಲೇ ಬಂದು ಕ್ಯಾಮೆರಾಕ್ಕೆ ಮೂರು ಕಾಲು ನಿಲ್ಲಿಸಿದ್ದ. ಪಕ್ಕದಲ್ಲಿ ಧರ್ಮಣ್ಣ, ತಲೆಗೆ ರುಮಾಲು, ಕೈಯಲ್ಲಿ ಬಕೇಟು. ಮೂರು ವರ್ಷದಿಂದ ಪ್ರತಿ ಭಾನುವಾರ ಅವನು ಆ ಬಕೇಟು ತರುತ್ತಿದ್ದ, ಖಾಲಿ ಒಯ್ಯುತ್ತಿದ್ದ. ಹೆಂಡತಿ ರೇವಮ್ಮ ಮಸಾಲೆ ಅರೆಯುವುದನ್ನು ಎರಡನೇ ವಾರಕ್ಕೇ ನಿಲ್ಲಿಸಿದ್ದಳು.

"ಬರ್ರಿ ಸಾಹೇಬ್ರ, ಬರ್ರಿ ತಾಯಿ. ಇವತ್ತರೆ ಎರಿಹುಳ ತಂದೀರೇನ್ರಿ?"

"ಇಲ್ಲ ಧರ್ಮಣ್ಣ. ಹಿಂಸಾ ಆಗ್ತದ."

"ಹುಳಕ್ಕೇನ್ರಿ?"

"ಹುಳಕ್ಕ."

"ಮೀನಿಗ್ ಆಗೂದಿಲ್ಲೇನ್ರಿ?"

"ಮೊದಲ ಬೀಳ್ಲಿ ತಡಿಯಪ್ಪಾ," ಎಂದು ಶುಭದಾ ನಡುವೆ ಬಾಯಿ ಹಾಕಿದಳು.

ಬಂಡೂರಾಯರು ಟೋಪಿ ಸರಿಮಾಡಿಕೊಂಡು ಬೆಳ್ಳಿಯದನ್ನು ಬೀಸಿದರು. ಅದು ಹೊಂಡ ದಾಟಿ ಆಚೆ ದಂಡೆಯ ಬಾಳೆಗೊನೆಗೆ ಸಿಕ್ಕಿತು. "ಹತ್ತಿತು!" ಎಂದ ಧರ್ಮಣ್ಣ. ಹಳದಿ ಹೊಟ್ಟೆಯ ಕಪ್ಪೆ ನೀರಿಗೆ ಸರಿಯಾಗಿಯೇ ಬಿದ್ದು ಚೆಂದವಾಗಿ ಕುಣಿಯಿತು. ಅದರ ತಲೆಯ ಮೇಲೆ ಒಂದು ಏರೋಪ್ಲೇನ್ ಚಿಟ್ಟೆ ಬಂದು ಕೂತಿತು, ಸವಾರಿ ಮಾಡಿ ಹೋಯಿತು. ಕೌಸ್ತುಭ ಅದನ್ನೂ ವಿಡಿಯೋ ಮಾಡಿಕೊಂಡ. ಗಿಲಿಗಿಲಿಯದು ಜೊಂಡಿಗೆ ಸಿಕ್ಕಿ ದಾರ ಹರಿದು ಅಲ್ಲೇ ಉಳಿಯಿತು. ಗಾಳಿ ಬಂದಾಗಲೆಲ್ಲ ಜೊಂಡಿನೊಳಗೆ ಗಿಲಿಗಿಲಿ ಕೇಳುತ್ತಿತ್ತು. ಕಪ್ಪು ಇಲಿ ಹಿಂದಕ್ಕೆ ಬೀಸುವಾಗಲೇ ಧರ್ಮಣ್ಣನ ರುಮಾಲು ಎತ್ತಿಕೊಂಡು ಮುಂದಕ್ಕೆ ಹೋಯಿತು. ಆ ದಿನದ ಮೊದಲ ಬೇಟೆ ಅದೇ.

ಬಿಸಿಲು ನೆತ್ತಿಗೆ ಬಂತು. ನೀಲಿಯದಕ್ಕೂ ಏನೂ ಬೀಳಲಿಲ್ಲ. ಕೌಸ್ತುಭ ಕ್ಯಾಮೆರಾದ ಬ್ಯಾಟರಿ ನೋಡಿದ, ಗಡಿಯಾರ ನೋಡಿದ.

"ಕಾಕಾ, ಒಂದ್ ಬಿದ್ರ ಸಾಕು. ಸಣ್ಣದಿದ್ರೂ ನಡೀತದ. ಹತ್ತರಿಂದ ಹೊಡದು ದೊಡ್ಡದು ಮಾಡ್ತೀನಿ. ಏನೂ ಇಲ್ಲಂದ್ರ ಮಾತ್ರ... ಡಬ್ಬೀ ಮ್ಯಾಲ ಬ್ಯಾರೆ ಯಾರದಾರ ಹೆಸರು ಹಾಕಬೇಕಾಗ್ತದ್ರಿ."

ಬಂಡೂರಾಯರು ನೀರನ್ನು ನೋಡುತ್ತ ನಿಂತರು. ಬೆನ್ನು ಸ್ವಲ್ಪ ಬಾಗಿತು. ಶುಭದಾಳಿಗೆ ಆ ಬೆನ್ನು ಗೊತ್ತಿತ್ತು. ಬಡ್ತಿಯ ಪಟ್ಟಿ ಬಂದ ದಿನಗಳಲ್ಲೆಲ್ಲ ಅದು ಹೀಗೆಯೇ ಮನೆಗೆ ಬರುತ್ತಿತ್ತು. ಅವಳು ಸೀದಾ ಹೋಗಿ ಸ್ಕೂಟರಿನ ಡಿಕ್ಕಿ ತೆಗೆದಳು.

"ಏನ್ರೀ, ಇದನ್ನ ಕಟ್ರಿ."

"ಶುಭಾ! ಅದರಾಗ ಬಳ್ಳೊಳ್ಳಿ ಅದ."

"ತಿನ್ನೂದು ಮೀನ. ನಿಮ್ಮನ್ನ್ಯಾರು ತಿನ್ನಂತಾರ?"

"ಅದಕ್ಕ ಮುಖಾನ ಇಲ್ಲಲ್ಲ ಶುಭಾ. ನಾ ಆರಿಸಿದ್ದಲ್ಲ ಅದು."

"ನನ್ನನ್ನೂ ನೀವು ಆರಿಸಿದ್ದಲ್ಲ. ಇಪ್ಪತ್ನಾಕು ವರ್ಷ ನಡದಿಲ್ಲೇನು? ಧರ್ಮಣ್ಣ, ನೀ ಕಟ್ಟು."

ಧರ್ಮಣ್ಣ ಮೂಸಿ ನೋಡಿ, "ಆಹಾ, ಬರೋಬರಿ ವಗ್ಗರಣಿ ಬಿದ್ದದ್ರಿ," ಎಂದು ಕಟ್ಟಿಕೊಟ್ಟ. ಬಂಡೂರಾಯರು ಮುಖ ಒಂದು ಕಡೆ ತಿರುಗಿಸಿ, ಕೋಲನ್ನು ಆದಷ್ಟು ದೂರ ಹಿಡಿದು, ಕಸ ಚೆಲ್ಲುವವರ ಹಾಗೆ ಬೀಸಿದರು.

ಅದು ನೀರಿಗೆ ಬಿದ್ದು ಎರಡು ಸಲ ಉಸಿರಾಡುವಷ್ಟು ಹೊತ್ತೂ ಆಗಿರಲಿಲ್ಲ. ಹೊಂಡದಲ್ಲಿ ಯಾರೋ ಕಲ್ಲು ಎತ್ತಿ ಹಾಕಿದಂಥ ಸದ್ದು. ಕೋಲು ಬಿಲ್ಲಾಯಿತು. ಬಂಡೂರಾಯರು "ಆಯೀ!" ಎಂದರು. ಕೌಸ್ತುಭ "ಎಳೀರಿ ಕಾಕಾ, ಎಳೀರಿ!" ಎಂದ. ಧರ್ಮಣ್ಣ ಬಕೇಟು ಎತ್ತಿದ. ಮೂರು ವರ್ಷ ವಿಡಿಯೋ ನೋಡಿದ್ದು ವ್ಯರ್ಥವಾಗಲಿಲ್ಲ; ರಾಯರ ಕೈಗಳು ತಾವಾಗಿಯೇ ದಾರ ಸುತ್ತಿದವು, ಬಿಟ್ಟವು, ಮತ್ತೆ ಸುತ್ತಿದವು. ಕೊನೆಗೆ ಕರ್ರಗೆ ಮಿಂಚುವ, ಮೊಳದುದ್ದದ ಮರಲ್ ದಂಡೆಯ ಮೇಲೆ ಬಂದು ಬಿದ್ದು ಬಡಿದಾಡಿತು. ಶುಭದಾ ಚಪ್ಪಾಳೆ ತಟ್ಟಿಬಿಟ್ಟಳು.

ಆಗ ಬಂಡೂರಾಯರು ಕೋಲು ಕೆಳಗೆ ಹಾಕಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಪಂಪಿನ ಶೆಡ್ಡಿನ ಕಟ್ಟೆಯ ಮೇಲೆ ಹತ್ತಿ ನಿಂತರು.

"ಕಾಕಾ, ಇಳೀರಿ! ಕೈಯಾಗ ಹಿಡಕೊಂಡು ನಿಂದರ್ರಿ, ಫೋಟೋ!"

"ಅದರ ಬಾಯಾಗ ರಕ್ತ ಬಂದದ."

"ಬರ್ತದ್ರಿ ಕಾಕಾ. ಗಾಳ ಅಲ್ಲೇನು?"

"ಅದು ನನ್ನ ಕಡೆ ನೋಡಾಕತ್ತದ."

ಮೀನಿಗೆ ರೆಪ್ಪೆ ಇಲ್ಲ, ಎಲ್ಲರ ಕಡೆಗೂ ಹಾಗೆಯೇ ನೋಡುತ್ತದೆ ಎಂದು ಕೌಸ್ತುಭ ವಿವರಿಸಿದ. ನೂರಾ ಹದಿನಾಲ್ಕು ಜೊತೆ ಬಣ್ಣದ ಕಣ್ಣು ಕಂಡಿದ್ದ ಬಂಡೂರಾಯರಿಗೆ ತಿರುಗಿ ನೋಡುವ ಕಣ್ಣು ಇದೇ ಮೊದಲು. ಅಷ್ಟರಲ್ಲಿ ಧರ್ಮಣ್ಣ ಮೀನಿನ ಬಾಯಿಂದ ಗಾಳ ಬಿಡಿಸಿ ಬಕೇಟಿನ ಕಡೆ ತಿರುಗಿದ್ದ.

"ನೀರಿಗ್ ಬಿಡು ಅದನ್ನ."

"ಸಾಹೇಬ್ರ, ಎರಡು ಕಿಲೋ ಅದ್ರಿ! ರೇವಮ್ಮಗ ಫೋನ್ ಸುದ್ದಾ ಮಾಡೀನಿ!"

"ಬಿಡು ಅಂದ್ನಲ್ಲ!"

ಧರ್ಮಣ್ಣ ಬೆಚ್ಚಿ ಬಿಟ್ಟ. ಮೀನು ಸರಕ್ಕನೆ ಹೋಯಿತು. ಶುಭದಾ ಗಂಡನನ್ನೇ ನೋಡುತ್ತ ನಿಂತಳು. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಬಾಯಿಂದ ಹೊರಬಿದ್ದ ಮೊದಲ ಆದೇಶ ಅದು, ಯಾರಿಗೂ ಸಲ್ಲಿಸದೆ ಹೊರಟದ್ದು.

ಕೌಸ್ತುಭ ಮಾತ್ರ ನಿರಾಶನಾಗಿರಲಿಲ್ಲ. ಮೀನು ಕಚ್ಚಿದ್ದು, ಎಳೆದದ್ದು, ದಂಡೆಗೆ ಬಿದ್ದದ್ದು ಎಲ್ಲ ಕ್ಯಾಮೆರಾದಲ್ಲಿತ್ತು. ಕಟ್ಟೆ ಹತ್ತಿದ್ದನ್ನು ಕತ್ತರಿಸಿದರಾಯಿತು. "ಆತು ಕಾಕಾ, ಮುಗೀತು. ಇನ್ನ ಒಂದ ಪ್ರಶ್ನೆ. ಕ್ಯಾಮೆರಾ ನೋಡಿ ಹೇಳ್ರಿ. ಡಬ್ಬೀ ಮ್ಯಾಲ ಎಲ್ಲಕ್ಕಿಂತ ದೊಡ್ಡದಾಗಿ ಅದನ್ನ ಛಾಪಿಸ್ತೀನಿ. ಐದರಾಗ ನಿಮ್ಮ ನಂಬರ್ ಒನ್ ಯಾವುದು?"

ಬಂಡೂರಾಯರು ಕಟ್ಟೆಯಿಂದ ಇಳಿದರು. ನನ್ನ ಕಡೆ ನೋಡಬಾರದು, ನೋಡಿದರೆ ಎಲ್ಲ ಹಾಳಾಯಿತು ಎಂದುಕೊಂಡಳು ಶುಭದಾ. ಅವರು ನೋಡಲಿಲ್ಲ. ದಂಡೆಯ ಮೇಲೆ ಬಿದ್ದಿದ್ದ ಕಂದು ಕಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಕ್ಯಾಮೆರಾದ ಮುಂದೆ ಹಿಡಿದರು.

"ಇದೇ ಅಲ್ಲೇನ್ರಿ ಕಾಕಾ?"

"ಇದೊಂದು ಬಿಟ್ಟು ಯಾವುದಾರ ಹಾಕು."

"ಬಳ್ಳೊಳ್ಳಿ ಸಲುವಾಗೇನ್ರಿ? ನಿಮ್ಮ ಡಬ್ಬೀಗೆ ವಾಸನಿ ಇಲ್ಲದ್ದು ಮಾಡಿಸ್ತೀನಿ."

"ಬಳ್ಳೊಳ್ಳಿ ಸಲುವಾಗಲ್ಲೋ," ಎಂದರು ಬಂಡೂರಾಯರು. "ಇದಕ್ಕ ಮೀನ ಬೀಳ್ತಾವ."